ಅಂಗಾಂಗ ದಾನ: ಕೊಡುವವರಿಗೂ ಪಡೆಯುವವರಿಗೂ ನಡುವಿನ ದಾರಿ

(ಜಾತ್ರಾ ಮಹೋತ್ಸವದ ಎರಡನೆಯ ದಿನ ಸಂಜೆ ದೇವಸ್ಥಾನದ ಮುಂದಿನ ಚಪ್ಪರದಲ್ಲಿ ನಡೆದ ಧಾರ್ಮಿಕ ಸಭೆಯಲ್ಲಿ ಧರ್ಮದರ್ಶಿಗಳೊಬ್ಬರು ಮಾಡಿದ ಭಾಷಣ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನಾನು ಓದಿರುವುದು ಎಸ್.ಎಸ್.ಎಲ್.ಸಿ. ಮೂವತ್ತು ವರ್ಷದಿಂದ ಹೊಸೂರಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಲ್ಲದ ಬಣ್ಣ ನೋಡಿ ಅದು ಎಷ್ಟು ದಿನ ಇರುತ್ತದೆ ಎಂದು ಹೇಳಬಲ್ಲೆ. ಶಾಸ್ತ್ರ ಹೇಳಲಾರೆ. ಪ್ರತಿ ವರ್ಷ ಈ ಸಭೆಯಲ್ಲಿ ಪಂಡಿತರು ದಾನದ ಮಹಿಮೆಯನ್ನು ಹೇಳುತ್ತಾರೆ, ನಾವು ಕೇಳುತ್ತೇವೆ. ಈ ಸಲ ಸಮಿತಿಯವರು "ಅಂಗಾಂಗ ದಾನದ ಬಗ್ಗೆ ನೀನೇ ಎರಡು ಮಾತು ಆಡು, ನಿನ್ನ ಮನೆಯಲ್ಲೇ ನಡೆದ ವಿಷಯ" ಎಂದರು. ಅದಕ್ಕೆ ನಿಂತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿದೆ, 2019ರ ಕಾರ್ತಿಕ ಮಾಸದಲ್ಲಿ ನನ್ನ ತಂಗಿಯ ಮಗ ತೀರಿಕೊಂಡ. ಇಪ್ಪತ್ತಮೂರು ವರ್ಷ. ಈ ದೇವಸ್ಥಾನದ ತೇರಿಗೆ ಹಗ್ಗ ಹಿಡಿದ ಹುಡುಗ. ಶುಕ್ರವಾರ ರಾತ್ರಿ ಕಾರ್ಖಾನೆಯ ಕೆಲಸ ಮುಗಿಸಿ ಕೃಷ್ಣಗಿರಿ ಹೆದ್ದಾರಿಯಲ್ಲಿ ಬೈಕಿನಲ್ಲಿ ಬರುವಾಗ ಅಪಘಾತವಾಯಿತು. ತಲೆಗೆ ಪೆಟ್ಟು. ಹೆಲ್ಮೆಟ್ಟು ಪೆಟ್ರೋಲ್ ಟ್ಯಾಂಕಿನ ಮೇಲೆ ಇತ್ತು, ತಲೆಯ ಮೇಲೆ ಇರಲಿಲ್ಲ. ಹೊಸೂರಿನಲ್ಲಿ ನೋಡಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ತಲೆಗೆ ಪೆಟ್ಟಾದರೆ ನಮ್ಮ ಕಡೆಯವರು ಅತ್ತಿಬೆಲೆ ಗಡಿ ದಾಟಿ ಬೆಂಗಳೂರಿಗೇ ಹೋಗುವುದು, ಅದು ನಮ್ಮ ಅಜ್ಜನ ಕಾಲದಿಂದ ಬಂದದ್ದು. ಅಲ್ಲಿನ ಒಂದು ಆಸ್ಪತ್ರೆಗೆ ಸೇರಿಸಿದೆವು.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಡಾಕ್ಟರು ನಮ್ಮನ್ನು ಒಳಗೆ ಕರೆದು, ಮೆದುಳು ಪೂರ್ತಿ ಕೆಲಸ ನಿಲ್ಲಿಸಿದೆ, ಮಿಷನ್ ಉಸಿರಾಡಿಸುತ್ತಿದೆ ಅಷ್ಟೇ, ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದರು. ಭಾವ ಗೋಡೆಗೆ ಒರಗಿ ಕೂತುಬಿಟ್ಟರು. ತಂಗಿ ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ತೋಳು ಹಿಡಿದು, "ಅಣ್ಣಾ, ಅವನ ಎದೆ ಇನ್ನೂ ಹೊಡೆದುಕೊಳ್ಳುತ್ತಾ ಇದೆ. ಅದನ್ನ ಯಾರಿಗಾದರೂ ಇಡೋಕಾಗುತ್ತಾ ಕೇಳಣ್ಣಾ" ಎಂದಳು. ನಾನು ಹೇಳಿಕೊಟ್ಟದ್ದಲ್ಲ, ಡಾಕ್ಟರು ಕೇಳಿದ್ದೂ ಅಲ್ಲ. ಟಿ.ವಿ.ಯಲ್ಲಿ ಎಲ್ಲೋ ನೋಡಿದ್ದಳಂತೆ. ಏಳನೇ ಕ್ಲಾಸು ಓದಿದ ಹೆಂಗಸು.

ಮಹಾಜನಗಳೇ, ದಾನ ಅಲ್ಲಿಗೆ ಮುಗಿಯಿತು. ತಾಯಿ ಕೊಟ್ಟಳು. ಆಮೇಲೆ ನಡೆದದ್ದನ್ನು ಹೇಳುವುದಕ್ಕೇ ನಾನು ಇಲ್ಲಿ ನಿಂತಿರುವುದು.

ಕೌಂಟರಿಗೆ ಹೋಗಿ ಕೇಳಿದೆ. ಅವರು ಮೇಲಿನ ಮಹಡಿಗೆ ಕಳಿಸಿದರು. ಮೇಲಿನವರು, ಇದನ್ನು ನೋಡಿಕೊಳ್ಳುವವರು ಇವತ್ತು ರಜೆ, ಫೋನು ಮಾಡಿದ್ದೇವೆ ಎಂದರು. ಕಾನೂನಿನಲ್ಲಿ ಮೆದುಳಿನ ಮರಣವನ್ನು ನಾಲ್ಕು ಜನ ಡಾಕ್ಟರುಗಳು ಸೇರಿ ಸಹಿ ಮಾಡಿ ದೃಢಪಡಿಸಬೇಕು. ಒಂದು ಸಲ ಪರೀಕ್ಷೆ ಮಾಡಿದರೆ ಸಾಲದು, ಕಡಿಮೆಯೆಂದರೂ ಆರು ಗಂಟೆ ಬಿಟ್ಟು ಇನ್ನೊಂದು ಸಲ ಮಾಡಬೇಕು. ಅದು ಒಳ್ಳೆಯ ನಿಯಮ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬರಬೇಕಾದ ಸ್ಪೆಷಲಿಸ್ಟು ಬಂದದ್ದು ರಾತ್ರಿ ಎಂಟಕ್ಕೆ. ಅಲ್ಲಿಂದ ಆರು ಗಂಟೆ ಎಣಿಸಿದರೆ ರಾತ್ರಿ ಎರಡು.

ಅಷ್ಟರಲ್ಲಿ ಇನ್ನೊಂದು ಬಂತು. ಇದು ಅಪಘಾತದ ಕೇಸು, ಪೊಲೀಸರ ಪತ್ರ ಬೇಕು. ಅಪಘಾತವಾದದ್ದು ತಮಿಳುನಾಡಿನ ಠಾಣೆಯ ವ್ಯಾಪ್ತಿಯಲ್ಲಿ, ಹುಡುಗ ಮಲಗಿರುವುದು ಕರ್ನಾಟಕದಲ್ಲಿ. ಇಲ್ಲಿಯ ಪೊಲೀಸರು ಅಲ್ಲಿಯ ಕಾಗದ ತನ್ನಿ ಎಂದರು. ನಾನು ಕಾರು ಮಾಡಿಕೊಂಡು ವಾಪಸ್ಸು ಬಂದು, ಠಾಣೆಯಲ್ಲಿ ಕೂತು, ಕಾಗದ ಬರೆಸಿಕೊಂಡು ಮತ್ತೆ ಬೆಂಗಳೂರು ಸೇರುವಾಗ ಒಂದು ಗಂಟೆ ದಾಟಿತ್ತು. ಕಾಗದ ತಮಿಳಿನಲ್ಲಿತ್ತು. ಓದುವವರು ಯಾರೂ ಇಲ್ಲ. ನಾನೇ ಓದಿ ಹೇಳಿದೆ. ಸತ್ತ ಹುಡುಗನ ಸೋದರಮಾವ ಓದಿ ಹೇಳಿದ್ದನ್ನು ಹೇಗೆ ನಂಬುವುದು, ಅವರ ಕಷ್ಟ ಅವರಿಗೆ. ಕೊನೆಗೆ, ಮರಣೋತ್ತರ ಪರೀಕ್ಷೆ ಸೂರ್ಯ ಹುಟ್ಟಿದ ಮೇಲೆಯೇ ಆಗಬೇಕು, ಬೆಳಗಾಗಲಿ ಎಂದರು.

ಬೆಳಿಗ್ಗೆ ನಾಲ್ಕೂ ಇಪ್ಪತ್ತಕ್ಕೆ ಹುಡುಗನ ಹೃದಯ ನಿಂತುಹೋಯಿತು. ಮೆದುಳು ಸತ್ತ ಮೇಲೆ ಮಿಷನ್ನು ಎಷ್ಟು ಹೊತ್ತು ಎಳೆಯುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಹೃದಯ, ಎರಡು ಮೂತ್ರಪಿಂಡ, ಲಿವರು, ಎರಡು ಶ್ವಾಸಕೋಶ, ಏನೂ ಯಾರಿಗೂ ಆಗಲಿಲ್ಲ.

ಪಕ್ಕದ ಬೆಂಚಿನಲ್ಲಿ ಕೂತಿದ್ದ ಯಾರೋ ಒಬ್ಬರು, ಅವರ ಮುಖ ಕೂಡ ನನಗೆ ನೆನಪಿಲ್ಲ, "ಕಣ್ಣಾದರೂ ಕೊಡಬಹುದು, ಈ ನಂಬರಿಗೆ ಮಾಡಿ" ಎಂದು ಒಂದು ಚೀಟಿ ಕೊಟ್ಟರು. ಫೋನು ಮಾಡಿದ ಒಂದು ಗಂಟೆಯೊಳಗೆ ಇಬ್ಬರು ಹುಡುಗರು ಚಿಕ್ಕ ಪೆಟ್ಟಿಗೆ ಹಿಡಿದು ಬಂದರು. ಪೊಲೀಸರ ಜೊತೆ ಅವರೇ ಮಾತಾಡಿದರು. ತಂಗಿಯ ಸಹಿ ಹಾಕಿಸಿಕೊಂಡರು. ಅರ್ಧ ಗಂಟೆಯ ಕೆಲಸ. ಮುಖ ಒಂದು ಚೂರೂ ಕೆಟ್ಟಿರಲಿಲ್ಲ.

ಈ ಆರು ವರ್ಷದಲ್ಲಿ ನಾನು ಬಹಳ ಸಲ ಯೋಚನೆ ಮಾಡಿದ್ದೇನೆ. ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಡಾಕ್ಟರು ಒಳ್ಳೆಯವರು, ಪೊಲೀಸಿನವರು ನನಗೆ ಟೀ ಕುಡಿಸಿದರು. ಎಲ್ಲರೂ ಅವರವರ ಕೆಲಸ ಮಾಡಿದರು. ಎಲ್ಲರ ಕೆಲಸವನ್ನೂ ಒಂದಕ್ಕೊಂದು ಸೇರಿಸುವವರು ಒಬ್ಬರೂ ಇರಲಿಲ್ಲ. ಕಣ್ಣಿಗೆ ಒಂದು ನಂಬರು, ಒಂದು ಗಾಡಿ, ಇಬ್ಬರು ಹುಡುಗರು ಇದ್ದರು. ಹೃದಯಕ್ಕೆ ಆ ರಾತ್ರಿ ಅದು ಇರಲಿಲ್ಲ.

ನಾಳೆ ನಾವು ತೇರು ಎಳೆಯುತ್ತೇವೆ. ಸಾವಿರ ಜನ ಹಗ್ಗ ಹಿಡಿಯುತ್ತೇವೆ, ಜೈಕಾರ ಹಾಕುತ್ತೇವೆ. ಆದರೆ ತೇರು ಮೂಲೆಯಲ್ಲಿ ತಿರುಗುವುದು ನಮ್ಮ ಶಕ್ತಿಯಿಂದಲ್ಲ. ಗಾಲಿಗೆ ಮರದ ದಿಮ್ಮಿ ಕೊಡುವ ನಾಲ್ಕು ಜನ, ಮುಂದೆ ನಿಂತು ಸೀಟಿ ಊದುವ ಒಬ್ಬ, ಅವರಿಲ್ಲದಿದ್ದರೆ ತೇರು ಯಾರ ಮನೆಯ ಜಗಲಿಗೆ ನುಗ್ಗುತ್ತದೋ ಹೇಳಲಾಗದು. ಅಂಗದಾನದಲ್ಲಿ ಆ ಸೀಟಿ ಊದುವವರಿಗೆ ಟ್ರಾನ್ಸ್‌ಪ್ಲಾಂಟ್ ಕೋ-ಆರ್ಡಿನೇಟರ್ ಎನ್ನುತ್ತಾರೆ. ಮನೆಯವರ ಹತ್ತಿರ ಕೂತು ಅವರ ಭಾಷೆಯಲ್ಲಿ ಮಾತಾಡುವುದು, ಡಾಕ್ಟರುಗಳನ್ನು ಕರೆಸುವುದು, ಪೊಲೀಸರ ಕಾಗದ ನೋಡುವುದು, ರಾಜ್ಯದ ಕಚೇರಿಗೆ ಸುದ್ದಿ ಮುಟ್ಟಿಸುವುದು, ಗಾಡಿಗೆ ದಾರಿ ಬಿಡಿಸುವುದು, ಇಷ್ಟೂ ಅವರ ಕೆಲಸ. ಅಂಗ ತೆಗೆಯುವ, ಕಸಿ ಮಾಡುವ ಆಸ್ಪತ್ರೆಗಳಲ್ಲಿ ಇಂಥವರು ಇರಲೇಬೇಕೆಂದು ಈಗ ನಮ್ಮ ದೇಶದ ನಿಯಮವೇ ಹೇಳುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಕಾಯಿದೆ ಆದದ್ದು 1994ರಲ್ಲಿ. ಆ ಕಾಲದ ಹಿರಿಯರಿಗೆ ನೆನಪಿರಬಹುದು, ಮದರಾಸಿನ ವಿಲ್ಲಿವಾಕ್ಕಂನಲ್ಲಿ ಬಡವರು ಸಾಲಕ್ಕೆ ಮೂತ್ರಪಿಂಡ ಮಾರಿಕೊಂಡು, ಆ ಬಡಾವಣೆಗೇ ಜನ ಕಿಡ್ನಿವಾಕ್ಕಂ ಎಂದು ಹೆಸರಿಟ್ಟಿದ್ದರು. ಅದನ್ನು ತಡೆಯಲಿಕ್ಕೆ, ಮೆದುಳಿನ ಮರಣವನ್ನು ಮರಣವೆಂದು ಒಪ್ಪಲಿಕ್ಕೆ ಈ ಕಾಯಿದೆ ಬಂತು. ಅದೇ ವರ್ಷ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ವೇಣುಗೋಪಾಲ್ ಅವರು ದೇಶದ ಮೊದಲ ಹೃದಯ ಕಸಿ ಯಶಸ್ವಿಯಾಗಿ ಮಾಡಿದರು. ಅದಕ್ಕೇ 2023ರಿಂದ ಆಗಸ್ಟ್ 3 ಅಂಗದಾನ ದಿನ. ಕಾಯಿದೆ ಬಂತು, ಕೈ ಪಳಗಿದ ಡಾಕ್ಟರುಗಳೂ ಬಂದರು. ಆದರೂ ಹತ್ತು ಹನ್ನೆರಡು ವರ್ಷ ದಾನ ಮೇಲೇಳಲಿಲ್ಲ. ಯಾಕೆ? ಒಂದು ಆಸ್ಪತ್ರೆಯಲ್ಲಿ ಅಂಗ ಇದ್ದರೆ ಇನ್ನೊಂದು ಆಸ್ಪತ್ರೆಯಲ್ಲಿ ಕಾಯುವವರು ಇರುತ್ತಿದ್ದರು, ಇವರಿಗೆ ಅವರ ವಿಷಯ ಗೊತ್ತಿಲ್ಲ. ನನ್ನ ಗೋಡೌನಿನಲ್ಲಿ ತೊಗರಿಬೇಳೆ ಇದೆ, ಅಂಗಡಿಗೆ ಬಂದ ಗಿರಾಕಿಗೆ ಹುಡುಗ ಇಲ್ಲ ಎಂದು ಕಳಿಸಿದ ಹಾಗೆ.

ಈ ಕೊರತೆಯನ್ನು ಮೊದಲು ಚೆನ್ನಾಗಿ ಸರಿಮಾಡಿಕೊಂಡದ್ದು, ನಾವು ಬದುಕುತ್ತಿರುವ ಈ ತಮಿಳುನಾಡೇ ಎಂದು ಹೇಳಲು ನನಗೆ ಸಂತೋಷ. ನಾವು ಕನ್ನಡದವರು, ಕೆಲವು ವಿಷಯದಲ್ಲಿ ಇಲ್ಲಿಯ ಸರ್ಕಾರದ ಮೇಲೆ ನಮಗೆ ಮುನಿಸಿದೆ, ಶಾಲೆಯ ವಿಷಯ ನಿಮಗೆಲ್ಲ ಗೊತ್ತು. ಆದರೆ ಒಳ್ಳೆಯದನ್ನು ಒಳ್ಳೆಯದೆನ್ನಬೇಕು. 2008ರಲ್ಲಿ ಸರ್ಕಾರ ಒಂದಾದ ಮೇಲೊಂದು ಆಜ್ಞೆ ಹೊರಡಿಸಿತು. ರಾಜ್ಯಕ್ಕೆಲ್ಲ ಒಂದೇ ಕಾಯುವವರ ಪಟ್ಟಿ, ಒಂದೇ ಕಚೇರಿ. ಡಾ. ಅಮಲೋರ್ಪವನಾಥನ್ ಎಂಬ ಸರ್ಕಾರಿ ಡಾಕ್ಟರು ಅದನ್ನು ನಡೆಸಿದರು. ದಾನ ಬಂದ ಆಸ್ಪತ್ರೆಗೆ ಇಷ್ಟು, ಉಳಿದದ್ದು ಸಾಮಾನ್ಯ ಪಟ್ಟಿಗೆ ಎಂದು ಹಂಚುವ ಕ್ರಮವನ್ನು ಮೊದಲೇ ಬರೆದಿಟ್ಟರು. ನಮ್ಮಲ್ಲಿ ಪ್ರಸಾದ ಹಂಚುವಾಗಲೂ ಕ್ರಮ ಬರೆದಿಡದಿದ್ದರೆ ಏನಾಗುತ್ತದೆ ಎಂದು ಹೋದ ವರ್ಷ ನೋಡಿದ್ದೀರಿ.

ಆ ವರ್ಷ ಸೆಪ್ಟೆಂಬರಿನಲ್ಲಿಯೇ ಹಿತೇಂದ್ರನ್ ಎಂಬ ಹದಿನೈದು ವರ್ಷದ ಹುಡುಗ ಬೈಕಿನ ಅಪಘಾತದಲ್ಲಿ ಮೆದುಳಿನ ಮರಣ ಹೊಂದಿದ. ತಿರುಕ್ಕಳುಕುಂಡ್ರಂನ ಹುಡುಗ. ತಂದೆ ತಾಯಿ ಇಬ್ಬರೂ ಡಾಕ್ಟರು. ಅವರೇ ಮುಂದೆ ಬಂದು ಅಂಗಗಳನ್ನು ಕೊಟ್ಟರು. ಹೃದಯವನ್ನು ಚೆನ್ನೈನ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಒಯ್ಯಬೇಕು, ನಡುವೆ ಊರಿನ ವಾಹನ ಸಂದಣಿ. ಪೊಲೀಸರು ದಾರಿಯುದ್ದಕ್ಕೂ ಸಿಗ್ನಲ್ಲುಗಳನ್ನು ಬಿಡಿಸಿ ಹನ್ನೊಂದು ನಿಮಿಷದಲ್ಲಿ ಮುಟ್ಟಿಸಿದರು. ಒಂಬತ್ತು ವರ್ಷದ ಒಂದು ಹೆಣ್ಣುಮಗುವಿಗೆ ಆ ಹೃದಯ ಸೇರಿತು. ಆಮೇಲೆ ಮಲಯಾಳದಲ್ಲಿ ಇದೇ ಪ್ರೇರಣೆಯಿಂದ ಟ್ರಾಫಿಕ್ ಎಂಬ ಸಿನಿಮಾ ಕೂಡ ಬಂತು. ಜನ ಆ ತಂದೆತಾಯಿಯ ದೊಡ್ಡಗುಣವನ್ನು ಕೊಂಡಾಡಿದರು. ನಾನೂ ಕೈ ಮುಗಿಯುತ್ತೇನೆ. ಆದರೆ ನನ್ನ ತಂಗಿಯೂ ಅಷ್ಟೇ ಕೊಟ್ಟಳಲ್ಲ. ವ್ಯತ್ಯಾಸ ಆ ಹನ್ನೊಂದು ನಿಮಿಷದಲ್ಲಿ, ಅದರ ಹಿಂದೆ ಫೋನು ಹಿಡಿದು ಕೂತಿದ್ದ ಜನರಲ್ಲಿ ಇದೆ.

ಮೋಹನ್ ಫೌಂಡೇಶನ್ ಎಂದು ಚೆನ್ನೈನಲ್ಲಿ 1997ರಲ್ಲಿ ಒಂದು ಸಂಸ್ಥೆ ಆಯಿತು. ಅವರು ಈ ಕೋ-ಆರ್ಡಿನೇಟರುಗಳಿಗೆ ತರಬೇತಿ ಕೊಡುವುದನ್ನೇ ದೊಡ್ಡ ಕೆಲಸ ಮಾಡಿಕೊಂಡರು. ಮದರಾಸಿನ ದೊಡ್ಡ ಸರ್ಕಾರಿ ಆಸ್ಪತ್ರೆಯಂಥ ಕಡೆ, ಬಡವರೇ ಹೆಚ್ಚಾಗಿ ಬರುವ ಕಡೆ, ದಾನ ಬೆಳೆಯಿತು. ಬಡವರು ಕೊಡುವುದಿಲ್ಲ, ಓದದವರಿಗೆ ತಿಳಿಯುವುದಿಲ್ಲ ಎನ್ನುವವರಿಗೆ ಅದೇ ಉತ್ತರ. 2023ರ ಸೆಪ್ಟೆಂಬರಿನಿಂದ ತಮಿಳುನಾಡಿನಲ್ಲಿ ಅಂಗದಾನಿಗಳ ಅಂತ್ಯಕ್ರಿಯೆಗೆ ಸರ್ಕಾರಿ ಗೌರವ ಕೊಡುತ್ತಿದ್ದಾರೆ. ಕೂಲಿ ಮಾಡುವವನ ಮನೆ ಮುಂದೆ ಅಧಿಕಾರಿಗಳು ಬಂದು ಹೂಮಾಲೆ ಇಡುತ್ತಾರೆ. 2024ರಲ್ಲಿ ಈ ರಾಜ್ಯದಲ್ಲಿ 268 ಮಂದಿಯ ಮನೆಯವರು ಹೀಗೆ ಮರಣಾನಂತರ ಅಂಗದಾನ ಮಾಡಿದ್ದಾರೆ. ಎಲ್ಲವೂ ಚಿನ್ನ ಎಂದು ನಾನು ಹೇಳುವುದಿಲ್ಲ. 2018ರಲ್ಲಿ ಇಲ್ಲಿಯೇ, ನಮ್ಮವರು ಕಾಯುತ್ತಿರುವಾಗ ಹೃದಯಗಳು ವಿದೇಶೀಯರಿಗೆ ಹೋದವು ಎಂದು ದೊಡ್ಡ ಗಲಾಟೆಯಾಯಿತು. ಪಕ್ಕದ ಕೇರಳದಲ್ಲಿ 2015ರಲ್ಲಿ 76 ದಾನಿಗಳಿದ್ದದ್ದು, ಅಲ್ಲಿ ಅನುಮಾನದ ಮಾತುಗಳೆದ್ದು, 2018ಕ್ಕೆ 8ಕ್ಕೆ ಇಳಿಯಿತು. ವ್ಯಾಪಾರದಲ್ಲಿ ನನಗೆ ಗೊತ್ತಿರುವ ಮಾತು, ಒಂದು ಸಲ ತೂಕದಲ್ಲಿ ಅನುಮಾನ ಬಂದರೆ ಗಿರಾಕಿ ಎರಡು ಬೀದಿ ದಾಟಿ ಹೋಗಿ ಕೊಳ್ಳುತ್ತಾನೆ. ಇಲ್ಲಿಯೂ ಹಾಗೆಯೇ. ಪಟ್ಟಿ ಎಲ್ಲರಿಗೂ ಕಾಣುವ ಹಾಗಿರಬೇಕು.

ದೇಶವನ್ನೆಲ್ಲ ತೆಗೆದುಕೊಂಡರೆ ಲೆಕ್ಕ ಸಣ್ಣದು. 2023ರಲ್ಲಿ ಇಡೀ ಭಾರತದಲ್ಲಿ ಮರಣಾನಂತರ ದಾನ ಮಾಡಿದವರು 1,099 ಮಂದಿ. ಹತ್ತು ಲಕ್ಷ ಜನಕ್ಕೆ ಒಬ್ಬರೂ ಆಗಲಿಲ್ಲ. ಸ್ಪೇನ್ ದೇಶದಲ್ಲಿ ಹತ್ತು ಲಕ್ಷಕ್ಕೆ 45ಕ್ಕೂ ಹೆಚ್ಚು. ಅವರು ನಮಗಿಂತ ದೊಡ್ಡ ದಾನಿಗಳೆಂದು ಅಲ್ಲ. ಅಲ್ಲಿ 1979ರಲ್ಲೇ ಕಾನೂನು ಬಂತು, ಬೇಡ ಎಂದು ಹೇಳದವರೆಲ್ಲ ದಾನಿಗಳು ಎಂದು. ಹತ್ತು ವರ್ಷ ಅದರಿಂದ ಹೆಚ್ಚೇನೂ ಆಗಲಿಲ್ಲ, 14ರ ಹತ್ತಿರ ಇತ್ತು. 1989ರಲ್ಲಿ ಡಾ. ಮತೆಸಾನ್ಸ್ ಎಂಬುವರ ಕೈಯಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಮಾಡಿ, ಆಸ್ಪತ್ರೆ ಆಸ್ಪತ್ರೆಗೂ ತೀವ್ರ ನಿಗಾ ಘಟಕದ ಡಾಕ್ಟರನ್ನೇ ಕೋ-ಆರ್ಡಿನೇಟರ್ ಮಾಡಿದರು. ಆಮೇಲೆ ಏರತೊಡಗಿತು. ಈಗಲೂ ಅಲ್ಲಿ ಮನೆಯವರನ್ನು ಕೇಳದೆ ತೆಗೆಯುವುದಿಲ್ಲವಂತೆ. ಬಡದೇಶವೇ ಬೇಕೆಂದರೆ ಶ್ರೀಲಂಕಾವನ್ನು ನೋಡಿ. ಡಾ. ಹಡ್ಸನ್ ಸಿಲ್ವಾ ಎಂಬುವರು 1961ರಲ್ಲಿ ನೇತ್ರದಾನ ಸಂಘ ಕಟ್ಟಿದರು. ದಾನ ಎಂದರೆ ಅಲ್ಲಿಯ ಬೌದ್ಧರಿಗೆ ನಮ್ಮ ಹಾಗೆಯೇ ಭಕ್ತಿ. ಆ ಪುಟ್ಟ ದ್ವೀಪದಿಂದ ಎಷ್ಟೋ ದೇಶಗಳಿಗೆ ಕಣ್ಣು ಹೋಗಿವೆ. ನಂಬಿಕೆ ನಮಗೂ ಇದೆ. ಅವರು ನಂಬಿಕೆಗೆ ಒಂದು ಪೆಟ್ಟಿಗೆ, ಒಂದು ವಿಮಾನ, ಒಂದು ಲೆಕ್ಕದ ಪುಸ್ತಕ ಜೋಡಿಸಿದರು.

ನಂಬಿಕೆ ಎಂದಾಗ ಒಂದು ಮಾತು. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ನನ್ನ ತಂಗಿಗೂ ಹದಿನೈದನೆಯ ದಿನ ಒಬ್ಬರು ಹೀಗೆಂದರು. ಅವಳು ನನ್ನನ್ನು ಕೇಳಿದಳು. ನಾನು ಕೇಳಿದೆ, ಬೇಡರ ಕಣ್ಣಪ್ಪ ಕುರುಡನಾಗಿ ಹುಟ್ಟಿದನೇ? ಶಿವನ ಕಣ್ಣಿನಲ್ಲಿ ರಕ್ತ ಬಂದದ್ದನ್ನು ನೋಡಿ ತನ್ನ ಕಣ್ಣು ಕಿತ್ತು ಇಟ್ಟವನಿಗೆ ಶಿವ ಏನು ಕೊಟ್ಟ? ದಧೀಚಿ ಋಷಿ ಬೆನ್ನೆಲುಬು ಕೊಟ್ಟರು, ಶಿಬಿ ಚಕ್ರವರ್ತಿ ತೊಡೆಯ ಮಾಂಸ ಕೊಟ್ಟ, ಅವರನ್ನು ನಾವು ಹರಿಕಥೆಯಲ್ಲಿ ಕೇಳುತ್ತೇವೆ, ಯಾರೂ ಅಂಗಹೀನರೆಂದು ಹಾಡುವುದಿಲ್ಲ. 1954ರಲ್ಲಿ ಬೇಡರ ಕಣ್ಣಪ್ಪನ ಪಾತ್ರ ಮಾಡಿದ ಡಾ. ರಾಜಕುಮಾರ್ 2006ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಅಣ್ಣಾವ್ರು ಹುಟ್ಟಿದ್ದು ಗಾಜನೂರಿನಲ್ಲಿ, ನಮ್ಮ ಹಾಗೆಯೇ ಗಡಿಯ ಈ ಬದಿಗೆ ಸೇರಿದ ತಾಳವಾಡಿ ಸೀಮೆಯವರು, ಅದು ನನಗೆ ಒಂದು ಹೆಮ್ಮೆ. 2021ರ ಅಕ್ಟೋಬರಿನಲ್ಲಿ ಅವರ ಮಗ ಪುನೀತ್ ಹೋದಾಗ, ಅವರ ಎರಡು ಕಣ್ಣಿನ ಪದರಗಳನ್ನು ಬಿಡಿಸಿ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟರು. ಅದೇ ವರ್ಷ ಜೂನಿನಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಅವರಿಗೂ ಬೈಕಿನ ಅಪಘಾತ, ತಲೆಗೆ ಪೆಟ್ಟು, ಮೆದುಳಿನ ಮರಣ. ಮನೆಯವರು ಅಂಗಗಳನ್ನು ಕೊಟ್ಟರು. ಆ ಸುದ್ದಿ ಟಿ.ವಿ.ಯಲ್ಲಿ ಬರುವಾಗ ನನ್ನ ತಂಗಿ ಎದ್ದು ಒಳಗೆ ಹೋದಳು.

ಇನ್ನೊಂದು ಭಯ ಎಲ್ಲರಿಗೂ ಇರುವುದು. ಉಸಿರು ಆಡುತ್ತಿದೆ, ಮೈ ಬೆಚ್ಚಗಿದೆ, ಇನ್ನೂ ಬದುಕಿರುವವರಿಂದ ತೆಗೆದುಬಿಡುತ್ತಾರೋ ಎಂದು. ಕೋಮಾ ಬೇರೆ, ಇದು ಬೇರೆ. ಕೋಮಾದಲ್ಲಿರುವವರು ಏಳಬಹುದು. ಮೆದುಳಿನ ಮರಣ ಆದವರು ಯಾರೂ ಎದ್ದಿಲ್ಲ. ನಮ್ಮ ಹೊಸೂರಿನ ಗುಲಾಬಿ ತೋಟದವರು ಇಲ್ಲಿ ಬಹಳ ಜನ ಇದ್ದೀರಿ, ನಿಮಗೆ ಬೇಗ ಅರ್ಥವಾಗುತ್ತದೆ. ಕತ್ತರಿಸಿದ ಗುಲಾಬಿಯನ್ನು ಬಕೆಟ್ಟಿನ ನೀರಿನಲ್ಲಿ ಇಟ್ಟರೆ ಅರಳಿ ನಗುತ್ತಾ ಇರುತ್ತದೆ. ಬೇರಿಲ್ಲ. ಆ ನೀರು ನಮ್ಮ ವೆಂಟಿಲೇಟರ್. ಮತ್ತು ನಿಮಗೇ ಗೊತ್ತು, ಸಂಜೆ ಕೊಯ್ದ ಹೂವು ಬೆಳಗಿನ ಜಾವ ಬೆಂಗಳೂರು ಮಾರ್ಕೆಟ್ಟು ಮುಟ್ಟದಿದ್ದರೆ ಅದಕ್ಕೆ ಬೆಲೆ ಇಲ್ಲ. ದೇಹದಿಂದ ಹೊರಗೆ ತೆಗೆದ ಹೃದಯಕ್ಕೆ ನಾಲ್ಕರಿಂದ ಆರು ಗಂಟೆ. ಲಿವರಿಗೆ ಹನ್ನೆರಡು ಗಂಟೆಯ ಹತ್ತಿರ. ಮೂತ್ರಪಿಂಡ ಒಂದು ದಿನದವರೆಗೆ ತಾಳುತ್ತದೆ. 2025ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ವೈಟ್‌ಫೀಲ್ಡ್ ಕಡೆಯಿಂದ ರಾಜರಾಜೇಶ್ವರಿ ನಗರಕ್ಕೆ ಒಂದು ಲಿವರನ್ನು ಮೆಟ್ರೋ ರೈಲಿನಲ್ಲೇ ಸಾಗಿಸಿದರು. ಆ ರಸ್ತೆಯಲ್ಲಿ ಸಂಜೆ ಹೊತ್ತು ಹೋದವರಿಗೆ ಅದು ಎಂಥ ಬುದ್ಧಿವಂತಿಕೆ ಎಂದು ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಆದ ತಡೆಗಳಲ್ಲಿ ಕೆಲವು ಈಗ ಹೋಗಿವೆ, ಅದನ್ನು ನಿಮಗೆ ಹೇಳಲೇಬೇಕು. 2021ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ, ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯ ಮುಳುಗಿದ ಮೇಲೂ ಮರಣೋತ್ತರ ಪರೀಕ್ಷೆ ಮಾಡಬಹುದು, ಅಂಗದಾನ ಇದ್ದರೆ ಅದಕ್ಕೆ ಮೊದಲ ಸ್ಥಾನ ಕೊಡಬೇಕು ಎಂದು ಆದೇಶಿಸಿತು. ಎರಡು ವರ್ಷ ಮೊದಲೇ ಬಂದಿದ್ದರೆ ಎಂದು ನಾನು ಎಷ್ಟೋ ರಾತ್ರಿ ಅಂದುಕೊಂಡಿದ್ದೇನೆ. 2023ರಲ್ಲಿ ಇನ್ನೊಂದು ಆಯಿತು, ಇದು ಗಡಿಯಲ್ಲಿರುವ ನಮಗೆ ಬಹಳ ಮುಖ್ಯ. ಮೊದಲು ಕೆಲವು ರಾಜ್ಯಗಳಲ್ಲಿ, ನಮ್ಮ ರಾಜ್ಯದ ವಾಸಸ್ಥಳದ ಸರ್ಟಿಫಿಕೇಟು ಇದ್ದರೆ ಮಾತ್ರ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಯುತ್ತಿದ್ದರು. ಕೇಂದ್ರ ಅದನ್ನು ತೆಗೆದುಹಾಕಿ ಎಂದು ಹೇಳಿತು. ಈಗ ಹೊಸೂರಿನವರು ಬೆಂಗಳೂರಿನಲ್ಲಿ ಹೆಸರು ಬರೆಸಬಹುದು, ಕಾಸರಗೋಡಿನವರು ಮಂಗಳೂರಿನಲ್ಲಿ ಬರೆಸಬಹುದು. ಅರವತ್ತೈದು ದಾಟಿದವರಿಗೆ ಹೆಸರು ಬರೆಯುವುದಿಲ್ಲ ಎನ್ನುವ ಹಾಗೂ ಇಲ್ಲ, ಹೆಸರು ಬರೆಯಲಿಕ್ಕೆ ಶುಲ್ಕ ಕೇಳುವ ಹಾಗೂ ಇಲ್ಲ.

ನಮ್ಮ ದೇವರಿಗೆ ಹೂವು ಕಟ್ಟಿಕೊಡುವ ಮನೆಯ ಸೊಸೆ ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆ ಹೋಗುತ್ತಾಳೆ. ಹೆಸರು ಹೇಳುವುದಿಲ್ಲ, ಅವಳೂ ಇಲ್ಲಿ ಕೂತಿರಬಹುದು. ನಾಲ್ಕು ತಿಂಗಳು ಅವರು, ನಮ್ಮದು ತಮಿಳುನಾಡಿನ ರೇಷನ್ ಕಾರ್ಡು, ಬೆಂಗಳೂರಿನಲ್ಲಿ ಬರೆದುಕೊಳ್ಳುವುದಿಲ್ಲ ಎಂದುಕೊಂಡು ಸುಮ್ಮನಿದ್ದರು. ನಾಲ್ಕು ತಿಂಗಳು ಎಂದರೆ ಸುಮಾರು ಐವತ್ತು ಸಲ ಸೂಜಿ ಚುಚ್ಚಿಸಿಕೊಳ್ಳುವುದು. ನಿಯಮ ಬದಲಾದದ್ದು ದೆಹಲಿಯಲ್ಲಿ, ಅದು ಹೂವಿನ ಬುಟ್ಟಿಯ ಹತ್ತಿರಕ್ಕೆ ಬಂದಿರಲಿಲ್ಲ. ಈಗ ಹೆಸರು ಬರೆಸಿದ್ದಾರೆ.

ಇನ್ನೂ ಆಗಬೇಕಾದದ್ದು ಇದೆ. ಅಂಗ ಸಿಕ್ಕರೆ ಮೊದಲು ಆ ರಾಜ್ಯದೊಳಗೆ, ಅಲ್ಲಿ ಬೇಡವಾದರೆ ದಕ್ಷಿಣ ವಲಯಕ್ಕೆ, ಆಮೇಲೆ ದೇಶಕ್ಕೆ ಎಂದು ಕ್ರಮ. ನಮ್ಮ ವಲಯದ ಕಚೇರಿ ಚೆನ್ನೈನಲ್ಲಿದೆ, ಕರ್ನಾಟಕದ ಜೀವಸಾರ್ಥಕತೆ ಕಚೇರಿ ಬೆಂಗಳೂರಿನಲ್ಲಿ. ಅವರವರ ನಡುವೆ ಫೋನು ನಡೆಯುತ್ತದೆ. ಆದರೆ ಒಂದು ರಾಜ್ಯದಲ್ಲಿ ಅಪಘಾತ, ಇನ್ನೊಂದರಲ್ಲಿ ಸಾವು ಆದಾಗ ಪೊಲೀಸರ ಕಾಗದ ಹೇಗೆ ದಾಟಬೇಕು ಎಂಬುದಕ್ಕೆ ನಮ್ಮಂಥ ಗಡಿ ಊರುಗಳ ಠಾಣೆಗಳಲ್ಲಿ ಮೊದಲೇ ಬರೆದಿಟ್ಟ ಎರಡು ಭಾಷೆಯ ಒಂದು ನಮೂನೆ ಇರಲಿ ಎಂದು ನನ್ನ ಕೋರಿಕೆ. ಒಂದು ಪುಟದ ಕೆಲಸ. ಸಮಿತಿಯ ಪರವಾಗಿ ಎರಡೂ ಕಡೆಯ ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಈ ಸಂಚಿಕೆ ಅಚ್ಚಾಗುವಷ್ಟರಲ್ಲಿ ಬಂದರೆ ಕೊನೆಯ ಪುಟದಲ್ಲಿ ಹಾಕುತ್ತೇವೆ.

ಖರ್ಚಿನ ವಿಷಯ ಕೇಳುತ್ತೀರಿ, ನಾನು ವ್ಯಾಪಾರಿ, ಹೇಳದೆ ಇರಲಾರೆ. ದಾನಕ್ಕೆ ಒಪ್ಪಿದ ಮೇಲೆ ಅಂಗಗಳನ್ನು ಕಾಪಾಡುವ, ತೆಗೆಯುವ, ಸಾಗಿಸುವ ಖರ್ಚು ದಾನಿಯ ಮನೆಯವರ ಮೇಲೆ ಬೀಳಬಾರದೆಂದು ನಿಯಮವಿದೆ. ಯಾರಾದರೂ ಅದರ ಬಿಲ್ಲು ಕೊಟ್ಟರೆ ಕೇಳಿ. ಹಣ ಕೊಡುತ್ತೇವೆ ಎಂದು ಯಾರಾದರೂ ಬಂದರೆ, ಅದು ಅಪರಾಧ, ಅವರನ್ನು ಬಾಗಿಲಿನಿಂದಲೇ ಕಳಿಸಿ.

ತಾಯಂದಿರಿಗೆ ಒಂದು ಮಾತು. ಬದುಕಿರುವವರು ಮೂತ್ರಪಿಂಡ ಕೊಡುವುದರಲ್ಲಿ ನಮ್ಮ ದೇಶದಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಗಂಡನಿಗೆ ಹೆಂಡತಿ, ಮಗನಿಗೆ ತಾಯಿ, ತಮ್ಮನಿಗೆ ಅಕ್ಕ. ನೀವು ಇದನ್ನು ಯಾವತ್ತೂ ದಾನ ಎಂದು ಕರೆಯಲಿಲ್ಲ, ಮನೆಕೆಲಸ ಎಂದುಕೊಂಡಿರಿ. ಸತ್ತವರಿಂದ ಸಿಗುವುದು ಹೆಚ್ಚಿದಷ್ಟೂ ಬದುಕಿರುವ ಹೆಂಗಸರ ಹೊಟ್ಟೆ ಕೊಯ್ಯುವುದು ಕಡಿಮೆಯಾಗುತ್ತದೆ. ಗಂಡಸರು ಇದನ್ನು ಕೇಳಿಸಿಕೊಳ್ಳಲಿ ಎಂದು ಸ್ವಲ್ಪ ಜೋರಾಗಿ ಹೇಳುತ್ತಿದ್ದೇನೆ.

ಪ್ರತಿಜ್ಞಾ ಪತ್ರ ತುಂಬಿದರೆ ಸಾಕೇ ಎಂದು ಕೇಳುತ್ತಾರೆ. ಸಾಲದು. ನೀವು ಕಾರ್ಡು ಮಾಡಿಸಿ ಪರ್ಸಿನಲ್ಲಿ ಇಟ್ಟುಕೊಂಡರೂ ಆ ಹೊತ್ತಿನಲ್ಲಿ ಕೇಳುವುದು ಮನೆಯವರನ್ನು. ಅವರು ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿಬಿಡಿ. ನಾನು ಹೇಳಿದೆ. ನನ್ನ ಮನೆಯಾಕೆ, ಊಟ ಮಾಡುವಾಗ ಸಾವಿನ ಮಾತು ಆಡಬೇಡಿ ಎಂದು ರೇಗಿದಳು. ನಾಲ್ಕು ದಿನ ಬಿಟ್ಟು, "ನನ್ನದೂ ಬರೆಸಿಬಿಡಿ, ಒಬ್ಬರದು ಒಂದು ಥರ ಯಾಕೆ" ಎಂದಳು.

ಸಮಿತಿಯವರು ಈ ವರ್ಷ ಒಂದು ಏರ್ಪಾಡು ಮಾಡಿದ್ದಾರೆ. ದೇವಸ್ಥಾನದ ಕಚೇರಿಯ ಗೋಡೆಯ ಮೇಲೆ ಆಂಬುಲೆನ್ಸು, ಠಾಣೆ, ನೇತ್ರ ಬ್ಯಾಂಕು, ಎರಡು ರಾಜ್ಯದ ಅಂಗದಾನ ಕಚೇರಿ, ರಾಷ್ಟ್ರೀಯ ಸಂಸ್ಥೆಯ ಉಚಿತ ಸಹಾಯವಾಣಿ 1800114770, ಇಷ್ಟನ್ನೂ ದೊಡ್ಡ ಅಕ್ಷರದಲ್ಲಿ ಕನ್ನಡ, ತಮಿಳು, ತೆಲುಗಿನಲ್ಲಿ ಬರೆಸಿದ್ದಾರೆ. ಅದರ ಕೆಳಗೆ ನನ್ನ ಅಂಗಡಿಯ ನಂಬರೂ ಇದೆ. ನನಗೆ ಮೂರೂ ಭಾಷೆ ಓದಲು ಬರುತ್ತದೆ, ಬೆಂಗಳೂರಿನ ದಾರಿ ಗೊತ್ತು, ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ಬಂದು ನಿಮ್ಮ ಜೊತೆ ಆ ಬೆಂಚಿನಲ್ಲಿ ಕೂರುತ್ತೇನೆ. ಇದಕ್ಕೆ ನನ್ನನ್ನು ಯಾರೂ ಹೊಗಳಬೇಕಾಗಿಲ್ಲ. ಆ ರಾತ್ರಿ ನಮಗೆ ಬೇಕಾಗಿದ್ದದ್ದು ಇಂಥ ಒಬ್ಬರು ಮಾತ್ರ.

ನಾಳೆ ರಥೋತ್ಸವ ಮುಗಿದ ಮೇಲೆ ಅನ್ನಸಂತರ್ಪಣೆಯ ಚಪ್ಪರದ ಪಕ್ಕದಲ್ಲಿ ಒಂದು ಮೇಜು ಹಾಕಿರುತ್ತಾರೆ. ಬೆಂಗಳೂರಿನಿಂದ ಒಬ್ಬ ಕೋ-ಆರ್ಡಿನೇಟರ್ ತಾಯಿ ಬಂದಿರುತ್ತಾರೆ, ಕನ್ನಡದಲ್ಲಿ, ತಮಿಳಿನಲ್ಲಿ ಏನು ಬೇಕಾದರೂ ಕೇಳಿ. ಆಧಾರ್ ಕಾರ್ಡು ತಂದರೆ ಅಲ್ಲಿಯೇ ಹೆಸರು ನೋಂದಾಯಿಸುತ್ತಾರೆ. ಮೇಜಿನ ಹತ್ತಿರ ನನ್ನ ತಂಗಿಯೂ ಕೂತಿರುತ್ತಾಳೆ. ಊಟದ ಮೊದಲ ಪಂಕ್ತಿ ಹನ್ನೆರಡೂವರೆಗೆ. ತೇರಿನ ಹಗ್ಗ ಹಿಡಿಯುವವರು ದಯವಿಟ್ಟು ಬೆಳಿಗ್ಗೆ ಒಂಬತ್ತರೊಳಗೆ ಬಂದು ಸೇರಬೇಕು.